ಎತ್ತಿಟ್ಟ ಎಂಜಿನ್ನಿನ ಟ್ಯಾಂಕಿಗೆ ನೀರು ಸೇರಿದಾಗ: ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಕಲಬುರಗಿ, ಬೀದರ, ಯಾದಗಿರಿ ಕಡೆಯ ಹೊಲಮನೆಗಳಲ್ಲಿ ಸಣ್ಣ ಎಂಜಿನ್ನುಗಳಿಗೆ ವರ್ಷವಿಡೀ ಕೆಲಸವಿರುವುದಿಲ್ಲ. ತೊಗರಿ ಹೂವು ಕಟ್ಟುವ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕಾಯಿಕೊರಕಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಪವರ್ ಪಂಪು ಬಿಡುವಿಲ್ಲದೆ ಓಡುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ಅದು ಪತ್ರಾಸಿನ ಶೆಡ್ಡಿನ ಮೂಲೆ ಸೇರಿರುತ್ತದೆ. ಟ್ಯಾಂಕಿನಲ್ಲಿ ಉಳಿದ ಅರ್ಧ ಲೀಟರ್ ಪೆಟ್ರೋಲು ಯಾರ ನೆನಪಿಗೂ ಬರುವುದಿಲ್ಲ. ಮುಂದಿನ ಮಳೆಗಾಲದಲ್ಲಿ ಹಗ್ಗ ಎಳೆದು ತೋಳು ಸೋತ ಮೇಲೆಯೇ ಅದರ ನೆನಪಾಗುತ್ತದೆ. ಕಳೆ ಕೊಯ್ಯುವ ಯಂತ್ರ, ಜನರೇಟರು, ಡೀಸೆಲ್ ಪಂಪ್‌ಸೆಟ್ಟು ಎಲ್ಲದರ ಕಥೆಯೂ ಹೆಚ್ಚುಕಡಿಮೆ ಇದೇ.

ಇಂಧನದಲ್ಲಿ ನೀರು ಕಂಡರೆ ನಮ್ಮಲ್ಲಿ ಮೊದಲು ಬೈಸಿಕೊಳ್ಳುವುದು ಬಂಕು, ಆಮೇಲೆ ಇಬ್ಬನಿ. ನಾನು ಬಿಚ್ಚಿ ನೋಡಿದ ಎಂಜಿನ್ನುಗಳ ಮಟ್ಟಿಗೆ ಹೇಳುವುದಾದರೆ, ಹೆಚ್ಚಿನ ಸಲ ನೀರು ಬಂದದ್ದು ನಮ್ಮದೇ ಮುಚ್ಚಳ, ನಮ್ಮದೇ ಕ್ಯಾನು, ನಮ್ಮದೇ ಲಾಳಿಕೆಯ ಮೂಲಕ. ಆದ್ದರಿಂದ ಟ್ಯಾಂಕು ಖಾಲಿ ಮಾಡಿ ಹೊಸ ಪೆಟ್ರೋಲು ಹಾಕಿದರೆ ಅರ್ಧ ಕೆಲಸ ಮಾತ್ರ ಆದಂತೆ. ನೀರು ಹೊಕ್ಕ ದಾರಿ ಸಿಗುವವರೆಗೆ ಅದು ಮತ್ತೆ ಬರುತ್ತಲೇ ಇರುತ್ತದೆ.

ಕೈಹಾಕುವ ಮುನ್ನ

ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು. ಅದು ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ ಮತ್ತು ಹತ್ತಡಿ ದೂರದ ಒಲೆಯನ್ನೂ ಹುಡುಕಿಕೊಂಡು ಹೋಗಬಲ್ಲದು. ಹಾಗಾಗಿ ಟ್ಯಾಂಕು ಬಿಚ್ಚುವ ಕೆಲಸ ಅಂಗಳದ ನೆರಳಿನಲ್ಲಿ ನಡೆಯಲಿ. ಶೆಡ್ಡಿನ ಒಳಗೂ ಬೇಡ, ಅಡುಗೆಮನೆಯ ಹಿತ್ತಿಲಲ್ಲೂ ಬೇಡ. ಬೀಡಿ, ದೀಪ, ಒಲೆ ಹತ್ತಿರ ಇರಬಾರದು. ಓಡಿ ನಿಂತ ಎಂಜಿನ್ ಅರ್ಧ ಗಂಟೆಯಾದರೂ ಆರಲಿ, ಪ್ಲಗ್ಗಿನ ವೈರನ್ನು ಕಿತ್ತು ಬದಿಗಿಡಿ. ಎಣ್ಣೆ ಹೊಡೆಯುವ ಪಂಪಾಗಿದ್ದರೆ ಅದರ ಮೈಮೇಲೆ ಕಳೆದ ವರ್ಷದ ಕೀಟನಾಶಕ ಒಣಗಿ ಕೂತಿರುತ್ತದೆ ಎಂಬುದನ್ನು ಮರೆಯದೆ ಕೈಗವಸು ಹಾಕಿಕೊಳ್ಳಿ.

ಪೈಪಿನ ತುದಿಗೆ ಬಾಯಿಟ್ಟು ಪೆಟ್ರೋಲು ಎಳೆಯುವ ರೂಢಿಯನ್ನು ಇಲ್ಲಿಗೇ ನಿಲ್ಲಿಸಬೇಕು. ಗುಟುಕು ಪೆಟ್ರೋಲು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಅಕಸ್ಮಾತ್ ನುಂಗಿದವರಿಗೆ ವಾಂತಿ ಮಾಡಿಸಬಾರದು, ಏಕೆಂದರೆ ಮೇಲೆ ಬರುವಾಗಲೇ ಅದು ಶ್ವಾಸಕೋಶಕ್ಕೆ ಹೊಕ್ಕುವ ಸಾಧ್ಯತೆ ಹೆಚ್ಚು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಎಲ್ಲ ಲಕ್ಷಣಗಳಿಗೂ ಮೊದಲ ಪರೀಕ್ಷೆ: ಗಾಜಿನ ಬಾಟಲಿ

ಲಕ್ಷಣ ಯಾವುದೇ ಇರಲಿ, ಪಾನಾ ಹಿಡಿಯುವ ಮೊದಲು ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡಿಕೊಳ್ಳಬೇಕು. ಎಂಜಿನ್ನನ್ನು ಒಂದು ರಾತ್ರಿ ಅಲುಗಾಡಿಸದೆ ಬಿಟ್ಟು, ಬೆಳಿಗ್ಗೆ ಟ್ಯಾಂಕಿನ ತಳದಿಂದ ಬರುವ ಪೈಪನ್ನು ಬಿಚ್ಚಿ, ಒಣಗಿದ ಬಿಳಿ ಗಾಜಿನ ಬಾಟಲಿಗೆ ಒಂದು ಲೋಟದಷ್ಟು ಪೆಟ್ರೋಲನ್ನು ಇಳಿಸಿಕೊಳ್ಳಿ. ಮೇಲಿನಿಂದ ಸುರುವಿಕೊಂಡರೆ ಪ್ರಯೋಜನವಿಲ್ಲ. ಒಂದು ಲೀಟರ್ ಪೆಟ್ರೋಲು ಸುಮಾರು 720ರಿಂದ 775 ಗ್ರಾಂ ತೂಗುತ್ತದೆ, ನೀರು ಒಂದು ಕಿಲೋ ತೂಗುತ್ತದೆ, ಆದ್ದರಿಂದ ನೀರು ಯಾವಾಗಲೂ ತಳದಲ್ಲಿಯೇ ಇರುತ್ತದೆ. ಬಾಟಲಿಯನ್ನು ಅರ್ಧ ಗಂಟೆ ಸುಮ್ಮನೆ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿ.

ತಳದಲ್ಲಿ ಉರುಳಾಡುವ ಗುಳ್ಳೆಗಳು ಅಥವಾ ಗೆರೆ ಎಳೆದಂತೆ ಬೇರೆಯಾಗಿ ನಿಂತ ಪದರ ಕಂಡರೆ ಅನುಮಾನಕ್ಕೆ ಎಡೆಯಿಲ್ಲ. ಸರಿಯಾಗಿ ಕಾಣದಿದ್ದರೆ ನೀರಿನಲ್ಲಿ ಕರಗುವ ಕೆಂಪು ಅಡುಗೆ ಬಣ್ಣದ ಒಂದು ಹನಿ ಬಿಡಿ: ಅದು ಪೆಟ್ರೋಲಿನಲ್ಲಿ ಬೆರೆಯದೆ ಕೆಳಗಿಳಿದು, ತಳದ ಪದರವನ್ನು ಮಾತ್ರ ಕೆಂಪಾಗಿಸುತ್ತದೆ. ಪದರವಿಲ್ಲದೆ ಇಡೀ ಬಾಟಲಿ ಮಜ್ಜಿಗೆಯ ತಿಳಿಯಂತೆ ಮಸುಕಾಗಿದ್ದರೆ ಪೆಟ್ರೋಲು ಹಿಡಿದಿಡಬಲ್ಲಷ್ಟು ನೀರನ್ನು ಹಿಡಿದಿಟ್ಟು ಅಂಚಿಗೆ ಬಂದು ನಿಂತಿದೆ ಎಂದರ್ಥ. ಪೂರ್ತಿ ತಿಳಿಯಾಗಿದ್ದು ವಾರ್ನಿಷಿನಂಥ ಹುಳಿ ನಾತ ಹೊಡೆದರೆ ಅದು ನೀರಲ್ಲ, ಹಳಸಿದ ಪೆಟ್ರೋಲು; ಅದನ್ನೂ ತೆಗೆಯಲೇಬೇಕು, ಆದರೆ ಮುಚ್ಚಳದ ಮೇಲೆ ಅಪವಾದ ಹೊರಿಸುವ ಅಗತ್ಯವಿಲ್ಲ.

ಇಲ್ಲೊಂದು ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಂದು ನಾವು ಕೊಳ್ಳುವ ಪೆಟ್ರೋಲಿನಲ್ಲಿ ಎಥನಾಲ್ ಎಂಬ ಮದ್ಯಸಾರ ಇದೆ. ದೇಶದಲ್ಲಿ ಶೇ. 10ರ ಬೆರಕೆಯ ಗುರಿ 2022ರಲ್ಲಿ ಮುಟ್ಟಿತು, ಶೇ. 20ರ ಬೆರಕೆಯ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಮಾರಾಟಕ್ಕೆ ಬಂದಿತು. ಎಥನಾಲ್ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಶೇ. 10ರ ಬೆರಕೆಯ ಒಂದು ಲೀಟರು ಸುಮಾರು 5 ಮಿ.ಲೀ. ನೀರನ್ನು ಕಣ್ಣಿಗೆ ಕಾಣದಂತೆ ನುಂಗಬಲ್ಲದು, ಶೇ. 20ರದು ಇನ್ನೂ ಹೆಚ್ಚು. ಅಷ್ಟರವರೆಗೆ ಎಂಜಿನ್ ದೂರು ಹೇಳುವುದಿಲ್ಲ. ಮಿತಿ ಮೀರಿದ ಕ್ಷಣ ಮಾತ್ರ ನೀರು ಒಂಟಿಯಾಗಿ ಕೆಳಗಿಳಿಯದೆ ಎಥನಾಲನ್ನೂ ಕೈಹಿಡಿದು ಎಳೆದೊಯ್ಯುತ್ತದೆ. ಅದಕ್ಕೇ ಬಾಟಲಿಯ ತಳದಲ್ಲಿ ಕಾಣುವ ಪದರ ಒಳಗೆ ಬಿದ್ದ ನೀರಿಗಿಂತ ಎಷ್ಟೋ ದಪ್ಪವಾಗಿರುತ್ತದೆ. ಚಳಿ ಹೆಚ್ಚಿದಂತೆ ಈ ಮಿತಿ ಕುಗ್ಗುತ್ತದೆ: ಬೀದರಿನ ಡಿಸೆಂಬರ್ ರಾತ್ರಿಗಳಲ್ಲಿ, ಅಂದರೆ ಪಂಪನ್ನು ಎತ್ತಿಡುವ ಹೊತ್ತಿಗೇ, ನವೆಂಬರಿನಲ್ಲಿ ತಿಳಿಯಾಗಿದ್ದ ಪೆಟ್ರೋಲು ಒಡೆದುಹೋಗಬಹುದು.

ಹೀಗೆ ಒಡೆದ ಪೆಟ್ರೋಲನ್ನು ಕಲಕಿ, ಹೊಸದನ್ನು ಸೇರಿಸಿ ಸರಿಪಡಿಸುವ ಪ್ರಯತ್ನ ಬೇಡ. ಮೇಲಿನ ಪದರವೂ ಎಥನಾಲನ್ನು ಕಳೆದುಕೊಂಡು ಮೊದಲಿನ ಗುಣದಲ್ಲಿ ಉಳಿದಿರುವುದಿಲ್ಲ.

ಲಕ್ಷಣ: ಹಗ್ಗ ಎಷ್ಟು ಎಳೆದರೂ ಸದ್ದೇ ಇಲ್ಲ

ಎತ್ತಿಟ್ಟ ಎಂಜಿನ್ನಿನಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಇದೇ. ಪೆಟ್ರೋಲಿನ ಕಾಕು ತೆರೆದಿದೆಯೇ, ಸ್ವಿಚ್ಚು ಆನ್ ಇದೆಯೇ ಎಂದು ನೋಡುವುದಕ್ಕೆ ನಾಚಿಕೆಪಡಬಾರದು. ಮಿಸ್ತ್ರಿಗಳೂ ಅಲ್ಲಿಂದಲೇ ಶುರುಮಾಡುತ್ತಾರೆ. ನಂತರ ಪ್ಲಗ್ಗನ್ನು ಬಿಚ್ಚಿ ನೋಡಿ. ಅದರ ತುದಿ ಒಣಗಿದ್ದರೆ ಇಂಧನವೇ ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಆ ಒದ್ದೆ ಯಾವುದರದು ಎಂಬುದು ಪ್ರಶ್ನೆ. ಪ್ಲಗ್ಗನ್ನು ನೆರಳಿನಲ್ಲಿರುವ ಶಹಾಬಾದ್ ಫರ್ಸಿಕಲ್ಲಿನ ಮೇಲೆ ತಟ್ಟಿ: ಪೆಟ್ರೋಲಾದರೆ ನೋಡುತ್ತಿರುವಂತೆಯೇ ಆರಿಹೋಗುತ್ತದೆ, ನೀರಾದರೆ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ.

ನೀರೇ ಆಗಿದ್ದರೆ ಹಗ್ಗ ಎಳೆಯುವುದನ್ನು ನಿಲ್ಲಿಸಿ. ಪ್ರತಿ ಎಳೆತವೂ ಇನ್ನಷ್ಟು ನೀರನ್ನು ಸಿಲಿಂಡರಿಗೆ ತಲುಪಿಸುತ್ತದೆ. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಒಂದು ಬಟ್ಟಲು ಹೊಸ ಪೆಟ್ರೋಲು ಹಾಕಿ ಅಲ್ಲಾಡಿಸಿ ಡಬ್ಬಿಗೆ ಸುರುವಿ, ಪೈಪು ಮತ್ತು ಒಳಗಿನ ಜಾಲರಿಯನ್ನೂ ತೊಳೆಯಿರಿ. ಪ್ಲಗ್ಗನ್ನು ಒರೆಸಿ ಬಿಸಿಲಿನಲ್ಲಿ ಒಣಗಿಸಿ. ಪ್ಲಗ್ಗಿನ ತೂತು ತೆರೆದಿರುವಾಗಲೇ ಹಗ್ಗವನ್ನು ನಿಧಾನವಾಗಿ ಹತ್ತು ಸಲ ಎಳೆದರೆ ಒಳಗಿನ ತೇವ ಹೊರಬರುತ್ತದೆ. ಆಗ ಮುಖವನ್ನು ತೂತಿನ ನೇರಕ್ಕೆ ಇಡಬೇಡಿ.

ಲಕ್ಷಣ: ಸ್ಟಾರ್ಟ್ ಆಗುತ್ತದೆ, ಎರಡು ನಿಮಿಷಕ್ಕೆ ನಿಲ್ಲುತ್ತದೆ, ಅಥವಾ ಚೋಕ್ ಹಾಕಿದರೆ ಮಾತ್ರ ಓಡುತ್ತದೆ

ಟ್ಯಾಂಕು ಶುದ್ಧವಾದರೂ, ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬೊರೇಟರಿನ ಬಟ್ಟಲಿನಲ್ಲಿ ಹಳೆಯ ನೀರು ಉಳಿದಿರುತ್ತದೆ. ಜನರೇಟರು ಮತ್ತು ಫೋರ್ ಸ್ಟ್ರೋಕ್ ಪಂಪ್‌ಸೆಟ್ಟುಗಳಲ್ಲಿ ಆ ಬಟ್ಟಲಿನ ತಳಕ್ಕೆ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ ಬಂದದ್ದನ್ನೂ ಬಾಟಲಿಗೆ ಹಿಡಿಯಿರಿ. ಎಷ್ಟೋ ಸಲ ಇಷ್ಟಕ್ಕೇ ಎಂಜಿನ್ ಸರಿಹೋಗುತ್ತದೆ, ಖರ್ಚು ಸೊನ್ನೆ.

ಸರಿಹೋಗದಿದ್ದರೆ ಬಟ್ಟಲನ್ನು ಕಳಚಬೇಕು. ಒಳಗೆ ಸುಣ್ಣದಂಥ ಬಿಳಿ ಪುಡಿ ಕಂಡರೆ ಅದು ನೀರು ಲೋಹವನ್ನು ತಿಂದ ಗುರುತು. ಕಂದು ಧೂಳು ಕಂಡರೆ ತಗಡಿನ ಟ್ಯಾಂಕಿಗೆ ತುಕ್ಕು ಹಿಡಿದಿದೆ. ಅಂಟಂಟಾದ ಹಸಿರು ಅಥವಾ ಕಂದು ಬಣ್ಣದ ಜಿಗಟು ಹಳಸಿದ ಪೆಟ್ರೋಲಿನದು. ಚೋಕ್ ಹಾಕಿದಾಗ ಮಾತ್ರ ಓಡುವುದಕ್ಕೆ ಕಾರಣ, ಈ ಪುಡಿ ಪೆಟ್ರೋಲು ಹಾಯುವ ಜೆಟ್ಟಿನ ಕಣ್ಣಿಗೆ (ತೂತಿಗೆ) ಅಡ್ಡನಿಂತು ಪೆಟ್ರೋಲು ಸಾಲದೆ ಹೋಗುವುದು. ಜೆಟ್ಟಿನ ಕಣ್ಣು ತೀರಾ ಸಣ್ಣದು, ಅಳತೆಯಿಟ್ಟು ಕೊರೆದದ್ದು. ಅದಕ್ಕೆ ತಂತಿ, ಸೂಜಿ ಹಾಕಿ ತಿವಿದರೆ ಕಣ್ಣು ದೊಡ್ಡದಾಗಿ ಎಂಜಿನ್ ಮುಂದೆಂದೂ ಹದಕ್ಕೆ ಬಾರದು. ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸಿ, ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸಿದರೆ ಸಾಕು; ಕಣ್ಣಿಗೆ ಕನ್ನಡಕವಿರಲಿ.

ಬೆನ್ನಿಗೆ ಹೊರುವ ಟೂ ಸ್ಟ್ರೋಕ್ ಯಂತ್ರಗಳಲ್ಲಿ ಹೆಚ್ಚಾಗಿ ಇಂಥ ಬಟ್ಟಲಿರದೆ ತೆಳು ಪೊರೆಯ ಕಾರ್ಬೊರೇಟರ್ ಇರುತ್ತದೆ. ಅದರ ಪೊರೆ ಗಟ್ಟಿಯಾಗಿ ಸೆಟೆದಿದ್ದರೆ ತೊಳೆದು ಫಲವಿಲ್ಲ, ಬದಲಾಯಿಸಬೇಕು. ಕೈ ಪಳಗದವರು ಅದನ್ನು ಮಿಸ್ತ್ರಿಗೆ ಒಪ್ಪಿಸುವುದು ಒಳ್ಳೆಯದು, ಏಕೆಂದರೆ ಒಳಗಿನ ಸಣ್ಣ ಸ್ಪ್ರಿಂಗು ಹಾರಿ ಕಪ್ಪು ಮಣ್ಣಿನಲ್ಲಿ ಬಿದ್ದರೆ ಮತ್ತೆ ಸಿಗುವುದಿಲ್ಲ.

ಲಕ್ಷಣ: ಸಮನೆಲದಲ್ಲಿ ಓಡುತ್ತದೆ, ಬಾಗಿದರೆ ಬಿಕ್ಕುತ್ತದೆ

ಅಂಗಳದಲ್ಲಿ ಚೆನ್ನಾಗಿ ಓಡಿದ ಕಳೆಯಂತ್ರ ಬದುವಿನ ಇಳಿಜಾರಿನಲ್ಲಿ ಬಿಕ್ಕುತ್ತದೆ, ನೆಟ್ಟಗೆ ಹಿಡಿದರೆ ಮತ್ತೆ ಸುಧಾರಿಸುತ್ತದೆ. ತಳದಲ್ಲಿ ಸ್ವಲ್ಪವೇ ನೀರಿದ್ದು, ಬಾಗಿದಾಗ ಅದು ಪೈಪಿನ ಬಾಯಿಗೆ ಬರುತ್ತಿದೆ ಎಂಬುದರ ಗುರುತಿದು. ಪೆಟ್ರೋಲು ಕಡಿಮೆಯಿದ್ದರೂ ಹೀಗಾಗುತ್ತದೆ, ಆದ್ದರಿಂದ ಮೊದಲು ಟ್ಯಾಂಕಿನ ಮಟ್ಟ ನೋಡಿ. ಅರ್ಧಕ್ಕಿಂತ ಮೇಲಿದ್ದೂ ಬಿಕ್ಕಿದರೆ ಬಾಟಲಿ ಪರೀಕ್ಷೆಗೆ ಮರಳಿ.

ಲಕ್ಷಣ: ಟೂ ಸ್ಟ್ರೋಕ್ ಎಂಜಿನ್ ಓಡುತ್ತಲೇ ಕಾದು, ಬಲ ಕುಗ್ಗುತ್ತದೆ

ಇದು ತಾಳ್ಮೆಯಿಂದ ಗಮನಿಸಿ ಕೂರುವ ಲಕ್ಷಣವಲ್ಲ. ತಕ್ಷಣ ನಿಲ್ಲಿಸಬೇಕು. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ಲೇ ಜೀವ. ಕಂಪನಿಯ ಪುಸ್ತಕದಲ್ಲಿ ಹೇಳಿದಂತೆ ಲೀಟರಿಗೆ 20 ಮಿ.ಲೀ. ಅಥವಾ 40 ಮಿ.ಲೀ. ಆಯಿಲ್ ಬೆರೆಸಿರುತ್ತೇವೆ. ಪೆಟ್ರೋಲು ಒಡೆದಾಗ ಆಯಿಲ್ ಮೇಲಿನ ಪದರದಲ್ಲಿ ಉಳಿಯುತ್ತದೆ, ತಳದ ನೀರು ಮತ್ತು ಎಥನಾಲಿನಲ್ಲಿ ಆಯಿಲ್ ಇರುವುದಿಲ್ಲವೆಂದೇ ಹೇಳಬೇಕು. ಎಂಜಿನ್ ಹೀರಿಕೊಳ್ಳುವುದು ತಳದಿಂದ. ಅಂದರೆ ಒಳಗೆ ಬೆಂಕಿ ಹತ್ತುತ್ತಿರುತ್ತದೆ, ಪಿಸ್ಟನ್ ಮಾತ್ರ ಒಣಗಿ ಉಜ್ಜುತ್ತಿರುತ್ತದೆ. ಬಾಟಲಿಯಲ್ಲಿ ಮೇಲೆ ಆಯಿಲ್ಲಿನ ನೀಲಿ ಅಥವಾ ಹಸಿರು ಬಣ್ಣ, ಕೆಳಗೆ ಬಣ್ಣವಿಲ್ಲದ ಪದರ ಕಂಡರೆ ಇದೇ ಆಗಿದೆ.

ನಿಲ್ಲಿಸಿದ ಎಂಜಿನ್ ಆರಿದ ಮೇಲೆ ಹಗ್ಗವನ್ನು ಮೆಲ್ಲಗೆ ಎಳೆದು ನೋಡಿ. ಸರಾಗವಾಗಿ ತಿರುಗಿ ಎಂದಿನ ತಡೆ ಕೊಟ್ಟರೆ ಟ್ಯಾಂಕು ತೊಳೆದು ಹೊಸ ಮಿಶ್ರಣ ಹಾಕಬಹುದು. ಎಳೆಯುವಾಗ ಗೀರುವ ಸದ್ದು ಬಂದರೆ, ಅಥವಾ ತಡೆಯೇ ಇಲ್ಲದೆ ಹಗ್ಗ ಸಡಿಲವಾಗಿ ಬಂದರೆ ಪಿಸ್ಟನ್ನಿಗೆ ಗಾಯವಾಗಿದೆ. ಮುಂದಿನ ಕೆಲಸ ಮಿಸ್ತ್ರಿಯದು.

ಲಕ್ಷಣ: ತೊಳೆದು ಹೊಸ ಪೆಟ್ರೋಲು ಹಾಕಿದ ವಾರದಲ್ಲೇ ಮತ್ತೆ ನೀರು

ಈಗ ದಾರಿ ಹುಡುಕಬೇಕು. ಮೊದಲು ಇಬ್ಬನಿಯ ಲೆಕ್ಕ ಮುಗಿಸೋಣ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ತೇವ ತುಂಬಿದ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 30 ಗ್ರಾಂ ನೀರಿರುತ್ತದೆ. ನಾಲ್ಕು ಲೀಟರಿನ ಖಾಲಿ ಟ್ಯಾಂಕಿನ ಗಾಳಿಯಲ್ಲಿ ಅದು 0.12 ಗ್ರಾಂ, ಎರಡು ಮೂರು ಹನಿ. ಹಗಲು ರಾತ್ರಿಯ ನಡುವೆ 20 ಡಿಗ್ರಿ ವ್ಯತ್ಯಾಸವಾದರೂ ಟ್ಯಾಂಕು ಉಸಿರಾಡಿ ಬದಲಿಸುವ ಗಾಳಿ ನೂರರಲ್ಲಿ ಏಳು ಪಾಲು ಮಾತ್ರ. ಹೀಗೆ ನೂರು ರಾತ್ರಿಗಳ ಇಬ್ಬನಿ ಸೇರಿದರೂ ಒಂದು ಮಿ.ಲೀ. ಮುಟ್ಟುವುದು ಕಷ್ಟ. ಬಾಟಲಿಯಲ್ಲಿ ಬೆರಳಗಲ ನೀರು ಕಂಡವರು ಇಬ್ಬನಿಯನ್ನು ಬಿಟ್ಟು ಬೇರೆ ಕಡೆ ನೋಡಬೇಕು.

ಎಣ್ಣೆ ಹೊಡೆಯುವ ಪವರ್ ಪಂಪಿನ ರಚನೆಯನ್ನು ಗಮನಿಸಿ: ಔಷಧಿಯ ದೊಡ್ಡ ಟ್ಯಾಂಕು ಮೇಲೆ, ಪೆಟ್ರೋಲಿನ ಸಣ್ಣ ಟ್ಯಾಂಕು ಕೆಳಗೆ. ಕೊಡದಿಂದ ಸುರುವುವಾಗ ಉಕ್ಕಿದ ನೀರು ಇಳಿದು ಬರುವುದು ಪೆಟ್ರೋಲಿನ ಮುಚ್ಚಳದ ಮೇಲೆಯೇ. ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತಿರುತ್ತದೆ ಮತ್ತು ಒಳಗಿನ ರಬ್ಬರ್ ವಾಶರ್ ಎರಡು ಬೇಸಿಗೆ ಕಳೆಯುವುದರಲ್ಲಿ ಸೀಳುಬಿಟ್ಟಿರುತ್ತದೆ. ವಾಶರನ್ನು ಬೆರಳಿನಿಂದ ಮಡಚಿ ನೋಡಿ. ಬಿರುಕು ಕಂಡರೆ ಬದಲಾಯಿಸಿ. ಇಡೀ ರಿಪೇರಿಯಲ್ಲಿ ಅತಿ ಅಗ್ಗದ ಸಾಮಾನು ಇದೇ.

ನನ್ನ ಪಂಪಿನ ವಿಷಯದಲ್ಲಿ ವಾಶರೂ ಸರಿಯಿತ್ತು. ಎರಡು ಸಲ ಟ್ಯಾಂಕು ತೊಳೆದು, ಬಂಕಿನವರೊಡನೆ ಜಗಳಕ್ಕೂ ಹೋಗಿ, ಅವರು ನನ್ನೆದುರೇ ಡೆನ್ಸಿಟಿ (ಸಾಂದ್ರತೆ) ಅಳೆದು ತೋರಿಸಿದ ಮೇಲೆ ತಲೆತಗ್ಗಿಸಿ ಬಂದೆ. ಮೂರನೆಯ ಸಲ ಹೊಲದಲ್ಲಿ ನಿಂತು ನೋಡಿದಾಗ ತಿಳಿಯಿತು: ಬ್ಯಾರಲ್ಲಿನಿಂದ ನೀರು ತುಂಬಲು ಬಳಸಿದ ಲಾಳಿಕೆಯನ್ನೇ ಕೊಡವಿ ಪೆಟ್ರೋಲಿಗೂ ಬಳಸಲಾಗುತ್ತಿತ್ತು. ತೇವ ಉಳಿದ ಲಾಳಿಕೆ ಪ್ರತಿ ಸಲ ಅರ್ಧ ಚಮಚೆ ನೀರು ಕೊಟ್ಟರೂ ದಿನಕ್ಕೆ ಆರು ಸಲ ತುಂಬುವವರ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ಈಗ ಪೆಟ್ರೋಲಿನ ಲಾಳಿಕೆಗೆ ಕೆಂಪು ಬಣ್ಣ ಬಳಿದು ಬೇರೆ ಗೂಟಕ್ಕೆ ತೂಗುಹಾಕಿದ್ದೇನೆ.

ಕ್ಯಾನು ಮತ್ತು ಡ್ರಮ್ಮಿನದು ಇನ್ನೊಂದು ಬಗೆ. ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದ 200 ಲೀಟರಿನ ಡೀಸೆಲ್ ಡ್ರಮ್ಮಿನ ನೆತ್ತಿಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲಿನ ಬಿಸಿಲಿಗೆ ಹಿಗ್ಗಿದ ಒಳಗಿನ ಗಾಳಿ ಹೊರಹೋಗಿ, ರಾತ್ರಿ ತಣಿದಾಗ ಡ್ರಮ್ಮು ಉಸಿರೆಳೆದುಕೊಳ್ಳುತ್ತದೆ; ಆಗ ಬಿರಡೆಯ ಸಂದಿನಿಂದ ಒಳಗೆ ಹೋಗುವುದು ಗಾಳಿಯಲ್ಲ, ನಿಂತ ನೀರು. ಬಿರಡೆ ಬಿಗಿಯಾಗಿದೆ ಎಂದು ನಂಬಿದವರೇ ಇದರಲ್ಲಿ ಮೋಸ ಹೋಗುವುದು. ಡ್ರಮ್ಮನ್ನು ಸೂರಿನಡಿ ಇಡಿ, ಆಗದಿದ್ದರೆ ಒಂದು ಬದಿಗೆ ಇಟ್ಟಿಗೆ ಕೊಟ್ಟು ವಾಲಿಸಿ, ಬಿರಡೆ ಎತ್ತರದ ಬದಿಗಿರಲಿ.

ಇವೆಲ್ಲವನ್ನೂ ನೋಡಿದ ಮೇಲೂ ಉತ್ತರ ಸಿಗದಿದ್ದರೆ ಬಂಕಿನಿಂದ ನೇರವಾಗಿ ಒಣ ಗಾಜಿನ ಬಾಟಲಿಗೆ ಪೆಟ್ರೋಲು ಹಿಡಿದು ಪರೀಕ್ಷಿಸಿ. ಫಿಲ್ಟರ್ ಪೇಪರ್ ಪರೀಕ್ಷೆ, ಡೆನ್ಸಿಟಿ ಪರೀಕ್ಷೆ ಮಾಡಿ ತೋರಿಸಲು ಕೇಳುವುದು ಗ್ರಾಹಕರ ಹಕ್ಕು.

ಲಕ್ಷಣ: ಡೀಸೆಲ್ ಪಂಪ್‌ಸೆಟ್ಟು ಬಿಳಿ ಹೊಗೆ ಉಗುಳುತ್ತದೆ, ಬಡಿದಂತೆ ಸದ್ದು ಮಾಡುತ್ತದೆ

ಡೀಸೆಲ್ಲಿನಲ್ಲಿ ಎಥನಾಲ್ ಇಲ್ಲದ ಕಾರಣ ನೀರು ಬೇಗ ಬೇರ್ಪಟ್ಟು ತಳಕ್ಕೆ ಕೂರುತ್ತದೆ. ಫಿಲ್ಟರಿನ ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ, ಶುದ್ಧ ಡೀಸೆಲ್ ಬರುವವರೆಗೆ ಇಳಿಸಿ. ಬರುವುದರಲ್ಲಿ ಕಪ್ಪು ಲೋಳೆ, ಹರಿದ ಪೊರೆಯಂಥ ಚೂರುಗಳು ಕಂಡರೆ ನೀರು ತಿಂಗಳುಗಟ್ಟಲೆ ನಿಂತು, ನೀರು ಡೀಸೆಲ್ ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆದಿವೆ ಎಂದರ್ಥ. ಅಂಥ ಟ್ಯಾಂಕನ್ನು ಇಳಿಸಿ ತೊಳೆದು ಒಣಗಿಸಿ, ಫಿಲ್ಟರ್ ಬದಲಾಯಿಸದೆ ಓಡಿಸಬಾರದು. ಫಿಲ್ಟರ್ ಬಿಚ್ಚಿದ ಮೇಲೆ ಪೈಪಿನಲ್ಲಿ ಗಾಳಿ ಹೊಕ್ಕಿರುತ್ತದೆ. ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಬಿಡಿ.

ಅದಾದ ಮೇಲೂ ಬಿಳಿ ಹೊಗೆ, ಬಡಿತ ಉಳಿದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಳಿಗೆಗೆ (ಇಂಜೆಕ್ಟರ್) ಅಥವಾ ಇಂಧನ ಪಂಪಿಗೆ ತುಕ್ಕು ತಗುಲಿರಬಹುದು. ಅಲ್ಲಿಗೆ ನಿಲ್ಲಿಸಿ, ಡೀಸೆಲ್ ಪಂಪ್ ರಿಪೇರಿ ಮಾಡುವ ಅಂಗಡಿಗೆ ಒಯ್ಯಿರಿ. ನಳಿಗೆಯಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗುವಷ್ಟು ಬಲವಾಗಿರುತ್ತದೆ. ಅದನ್ನು ಬೆರಳಿನಿಂದ ಮುಟ್ಟಿ ನೋಡುವವರನ್ನು ಕಂಡಿದ್ದೇನೆ. ಹಾಗೇನಾದರೂ ಚುಚ್ಚಿದರೆ ಗಾಯ ಸಾಸಿವೆಯಷ್ಟಿದ್ದರೂ ಅದೇ ದಿನ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಬೇಕು.

ಲಕ್ಷಣ: ಎಂಜಿನ್ ನೆರೆಯಲ್ಲಿ ಮುಳುಗಿತ್ತು, ಈಗ ಹ್ಯಾಂಡಲ್ ತಿರುಗುತ್ತಿಲ್ಲ

2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ದಂಡೆಯ ಊರುಗಳಲ್ಲಿ ಎಷ್ಟೋ ಪಂಪ್‌ಸೆಟ್ಟುಗಳು ಕೆಸರಿನಲ್ಲಿ ಕೂತವು. ಅವುಗಳಲ್ಲಿ ಕೆಲವು ಕೆಟ್ಟದ್ದು ನೀರಿನಿಂದಲ್ಲ, ಆತುರದಿಂದ ತಿರುಗಿಸಿದ್ದರಿಂದ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿರುವಾಗ ಬಲವಂತವಾಗಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪೆಟ್ರೋಲ್ ಎಂಜಿನ್ನಾದರೆ ಪ್ಲಗ್ಗನ್ನೂ, ಡೀಸೆಲ್ ಆದರೆ ನಳಿಗೆಯನ್ನೂ ಬಿಚ್ಚಿದ ಮೇಲೆಯೇ ಕೈಯಿಂದ ನಿಧಾನವಾಗಿ ತಿರುಗಿಸಿ ನೀರು ಹೊರಗೆಡಹಬೇಕು. ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದಂತಾಗಿದ್ದರೆ ಪೂರ್ತಿ ಇಳಿಸಿ, ಹೊಸದನ್ನು ಹಾಕಿ ಸ್ವಲ್ಪ ಹೊತ್ತು ಓಡಿಸಿ, ಅದನ್ನೂ ಇಳಿಸಿ ಮತ್ತೊಮ್ಮೆ ತುಂಬಬೇಕು. ಒಳಗೆ ರಾಡಿ ಹೊಕ್ಕಿದ್ದರೆ ಇದ್ಯಾವುದೂ ಸಾಲದು, ಎಂಜಿನ್ ಬಿಚ್ಚಿಯೇ ತೊಳೆಯಬೇಕು.

ಎತ್ತಿಡುವಾಗ

ಟ್ಯಾಂಕು ತುಂಬಿಸಿಡಬೇಕೋ ಖಾಲಿ ಮಾಡಬೇಕೋ ಎಂಬ ವಾದ ಕಟ್ಟೆಯ ಮೇಲೆ ಮುಗಿಯುವುದಿಲ್ಲ. ಡೀಸೆಲ್ ಟ್ಯಾಂಕನ್ನು ಕಂಠದವರೆಗೆ ತುಂಬಿಸಿಡುವುದು ಸರಿ, ಖಾಲಿ ಜಾಗವಿಲ್ಲದಿದ್ದರೆ ತುಕ್ಕಿಗೂ ತೇವಕ್ಕೂ ಎಡೆಯಿಲ್ಲ. ಎಥನಾಲ್ ಇರುವ ಪೆಟ್ರೋಲನ್ನು ಏಳೆಂಟು ತಿಂಗಳು ಟ್ಯಾಂಕಿನಲ್ಲಿ ಬಿಡುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಅದನ್ನು ಇಳಿಸಿ, ಉಳಿದದ್ದು ಮುಗಿದು ಎಂಜಿನ್ ತಾನೇ ನಿಲ್ಲುವವರೆಗೆ ಬಯಲಿನಲ್ಲಿ ಓಡಿಸಿ. ಮುಚ್ಚಿದ ಕೋಣೆಯಲ್ಲಿ ಓಡಿಸಿದರೆ ಹೊಗೆಯೇ ಕೊಲ್ಲುತ್ತದೆ. ತಗಡಿನ ಟ್ಯಾಂಕಿಗೆ ಒಂದು ಚಮಚೆ ಆಯಿಲ್ ಹಾಕಿ ಒಳಗೋಡೆಗೆಲ್ಲ ಸವರುವಂತೆ ಹೊರಳಾಡಿಸಿ. ಇಳಿಸಿದ ಪೆಟ್ರೋಲು ತಿಳಿಯಾಗಿದ್ದು, ಆಯಿಲ್ ಬೆರೆಸಿರದಿದ್ದರೆ ಅದೇ ವಾರ ಬೈಕಿಗೆ ಬಳಸಿ.

ಪೆಟ್ರೋಲನ್ನು ಮನೆಯಲ್ಲಿ ಕೂಡಿಡುವುದಕ್ಕೆ 1934ರ ಪೆಟ್ರೋಲಿಯಂ ಕಾಯ್ದೆಯ ಮಿತಿಯಿದೆ: ಮಾರಾಟಕ್ಕಲ್ಲದ ಪೆಟ್ರೋಲು ಲೈಸೆನ್ಸ್ ಇಲ್ಲದೆ 30 ಲೀಟರಿನವರೆಗೆ ಮಾತ್ರ, ಅದೂ ಭದ್ರವಾಗಿ ಮುಚ್ಚಿದ, 25 ಲೀಟರಿಗೆ ಮೀರದ ಲೋಹದ ಪಾತ್ರೆಯಲ್ಲಿ. ಕಾಯ್ದೆ ಹೆಸರಿಸುವ ಪಾತ್ರೆಗಳ ಸಾಲಿನಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿ ಇಲ್ಲ.

ನೀರು ಬೆರೆತು ಕೆಟ್ಟ ಇಂಧನವನ್ನು ಬದುವಿಗೆ, ಚರಂಡಿಗೆ, ಬಾವಿಯ ಹತ್ತಿರ ಚೆಲ್ಲಬೇಡಿ, ಒಲೆಗೆ ಹಾಕುವುದಂತೂ ಬೇಡವೇ ಬೇಡ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ತುಂಬಿ, ಮೇಲೆ ಕೆಟ್ಟ ಇಂಧನವೆಂದು ಹೆಸರು ಬರೆದು, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿನವರು ಒಪ್ಪಿದರೆ ಅವರಿಗೆ ಕೊಡಿ. ಹೆಸರು ಬರೆಯುವುದು ಏಕೆಂದರೆ, ಗುರುತಿಲ್ಲದ ಡಬ್ಬಿಯನ್ನು ಮುಂದಿನ ಹಂಗಾಮಿಗೆ ಮನೆಯವರೇ ಯಾರಾದರೂ ಒಳ್ಳೆಯ ಪೆಟ್ರೋಲೆಂದು ತಿಳಿದು ಟ್ಯಾಂಕಿಗೆ ಸುರಿಯುತ್ತಾರೆ.